ಟೂ ಏಟಿ ಸಿಕ್ಸ್ ಸಾಹೇಬರ ವರ್ಗಾವಣೆ

ಸರ್ಕಾರಿ ನೌಕರನು ಸೇವೆಗೆ ಹಾಜರಾದ ದಿನದಿಂದ ಹಿರಿಯನಾಗುತ್ತ ಹೋಗುತ್ತಾನೆ. ಅವನು ಉಸಿರಾಡುತ್ತಾನೋ ಇಲ್ಲವೋ ಎಂದು ನಿಯಮಾವಳಿ ಎಲ್ಲಿಯೂ ಕೇಳಿಲ್ಲ. ಬೆಳಗಾವಿಯ ಸದಾಶಿವನಗರದ ವಿಭಾಗೀಯ ಮರುಎಣಿಕೆ ಕಚೇರಿ ಈ ತತ್ವದ ಮೇಲೆಯೇ ನಿಂತಿತ್ತು. ಬೇರೆ ಕಚೇರಿಗಳು ಎಣಿಸಿದ್ದನ್ನು ಇನ್ನೊಮ್ಮೆ ಎಣಿಸಿ, ಸರಿಯಿದೆ ಎಂದು ಬರೆಯುವುದು ಅದರ ಕೆಲಸ.

೧೯೮೬ರಲ್ಲಿ ಅಲ್ಲಿಗೆ ಕಂಪ್ಯೂಟರ್ ಮಂಜೂರಾಯಿತು. ಆದರೆ ಬಜೆಟ್ಟಿನಲ್ಲಿ ಕಂಪ್ಯೂಟರ್ ಎಂಬ ಬಾಬತ್ತೇ ಇರಲಿಲ್ಲ. ಗುಮಾಸ್ತನ ಹುದ್ದೆಯೊಂದು ಮಾತ್ರ ಖಾಲಿ ಬಿದ್ದಿತ್ತು. ಕಚೇರಿಯ ಮುಖ್ಯಸ್ಥ ಗುರುಪುತ್ರಪ್ಪನವರು ಜಾಣರು. ಆ ಹುದ್ದೆಗೇ ಯಂತ್ರವನ್ನು ನೇಮಿಸಿಕೊಂಡು ಹಾಜರಿ ಪುಸ್ತಕದಲ್ಲಿ ಹೆಸರು ಹಚ್ಚಿದರು. ಅದರ ಮಿದುಳು, ಅಂದರೆ ಪ್ರೊಸೆಸರು, ಟೂ ಏಟಿ ಸಿಕ್ಸ್ ತಲೆಮಾರಿನದು. ಆದ್ದರಿಂದ ಹೆಸರೂ ಅದೇ ಆಯಿತು. ಯಂತ್ರಕ್ಕೆ ಕಿಸೆ ಇಲ್ಲದ ಕಾರಣ ಅದರ ತುಟ್ಟಿಭತ್ಯೆಯನ್ನು ಗುರುಪುತ್ರಪ್ಪ ಸಾಹೇಬರೇ ಇಟ್ಟುಕೊಳ್ಳುತ್ತಿದ್ದರು. ಯಾರಾದರೂ ಇಟ್ಟುಕೊಳ್ಳಲೇಬೇಕಲ್ಲ.

ಯಂತ್ರ ನಡೆಸಲು ನೇಮಕವಾದವನು ನಾಗಲಿಂಗ. ಯಂತ್ರ ಬಂದ ಮೇಲೆ ತಾನೆ ನಡೆಸುವವನು ಬೇಕಾಗುವುದು? ಹೀಗಾಗಿ ಅವನು ಯಂತ್ರಕ್ಕಿಂತ ಕಿರಿಯನಾದ. ಅದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅವನ ಹೆಂಡತಿ ಗಂಗಾದೇವಿ ಖಾನಾಪುರದ ಶಾಲೆಯಲ್ಲಿ ಶಿಕ್ಷಕಿ. ಪುಟ್ಟ ಮಗಳು ಅವಳ ಹತ್ತಿರ. ಇವನು ಅನಗೋಳದ ಬಾಡಿಗೆ ಖೋಲಿಯಲ್ಲಿ. ರೈಲು ಹತ್ತಿದರೆ ತಾಸಿನೊಳಗೆ ಮನೆ, ದಿನಾಲೂ ಓಡಾಡಬಹುದಿತ್ತು. ಆದರೆ ಹಿರಿಯ ನೌಕರರು ಕಚೇರಿಯಲ್ಲೇ ರಾತ್ರಿ ಕಳೆಯುತ್ತಿರುವಾಗ ಕಿರಿಯರು ಊರು ಬಿಡುವುದು ಅಶಿಸ್ತೆಂದು ಆದೇಶವಾಗಿತ್ತು. ಮಗಳು ಹೆಜ್ಜೆ ಇಟ್ಟದ್ದೂ ಮಾತು ಕಲಿತದ್ದೂ ವಾರದ ದಿನಗಳಲ್ಲೇ. ಭಾನುವಾರದ ಅಪ್ಪನಿಗೆ ಎರಡೂ ಸುದ್ದಿಯಾಗಿ ಮುಟ್ಟಿದವು. ಅದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಖಾನಾಪುರದ ಶಾಖೆಯಲ್ಲಿ ಇದ್ದದ್ದು ಒಂದೇ ಗುಮಾಸ್ತನ ಹುದ್ದೆ. ಅದು ಖಾಲಿಯಾಗುವುದನ್ನೇ ಅವನು ಕಾಯುತ್ತಿದ್ದ.

ಎರಡು ವರ್ಷಕ್ಕೆ ಮುಂದಿನ ತಲೆಮಾರಿನ ತ್ರೀ ಏಟಿ ಸಿಕ್ಸ್ ಬಂತು. ಹಳೆಯದು ಒಂದು ಸಲಕ್ಕೆ ಹದಿನಾರು ಬಿಟ್ ಹೊತ್ತರೆ ಇದು ಮೂವತ್ತೆರಡು ಹೊರುವಂಥದ್ದು. ಹಳೆಯ ಯಂತ್ರ ದಿನವಿಡೀ ಎಣಿಸುತ್ತಿದ್ದುದನ್ನು ಇದು ಚಹಾ ಆರುವುದರೊಳಗೆ ಮುಗಿಸಿಬಿಟ್ಟಿತು. ಕಚೇರಿಯಲ್ಲಿ ಎಲ್ಲರ ಮುಖ ಬಾಡಿತು. ಸಂಜೆಯೊಳಗೆ ಸುತ್ತೋಲೆ ಹೊರಟಿತು:

“ಪರೀಕ್ಷಾರ್ಥ ಅವಧಿಯಲ್ಲಿರುವ ನೌಕರನು ಹಿರಿಯ ನೌಕರನಿಗಿಂತ ಬೇಗ ಕೆಲಸ ಮುಗಿಸುವುದು ದುರ್ನಡತೆ ಎನಿಸುವುದು. ಆದಕಾರಣ ಕಿರಿಯ ಯಂತ್ರವು ಹದಿನಾರು ಬಿಟ್‌ಗಳನ್ನಷ್ಟೇ ಬಳಸತಕ್ಕದ್ದು. ಉಳಿದ ಹದಿನಾರನ್ನು ಬಡ್ತಿಯವರೆಗೆ ಕಾದಿರಿಸತಕ್ಕದ್ದು.”

ಯಂತ್ರದ ಮುಂಭಾಗದಲ್ಲಿ ಟರ್ಬೊ ಎಂಬ ಗುಂಡಿ ಇತ್ತು. ಒತ್ತಿದರೆ ವೇಗ ಏರುತ್ತಿತ್ತು. ಅದರ ಮೇಲೆ ಅರಗು ಸುರಿದು ಮೊಹರು ಒತ್ತಲಾಯಿತು. ತ್ರೀ ಏಟಿ ಸಿಕ್ಸ್ ಅಂದಿನಿಂದ ಎಲ್ಲರಂತೆ ನಿಧಾನವಾಗಿ ಕೆಲಸ ಮಾಡತೊಡಗಿತು, ಒಳ್ಳೆಯ ನೌಕರನೆಂದು ಹೆಸರೂ ಪಡೆಯಿತು.

ಅಷ್ಟರಲ್ಲಿ ಖಾನಾಪುರದ ಗುಮಾಸ್ತರು ನಿವೃತ್ತರಾದರು. ಆ ಹುದ್ದೆ ಬೇಡಿದವನು ನಾಗಲಿಂಗ ಒಬ್ಬನೇ. ಅವನು ಅನಗೋಳದ ಖೋಲಿ ಬಿಡುವುದಾಗಿ ಮಾಲಕರಿಗೆ ಹೇಳಿಯೂ ಬಿಟ್ಟ. ಗುರುಪುತ್ರಪ್ಪನವರು ಅವನನ್ನು ಕರೆದು ಕೂರಿಸಿದರು.

“ನಿಂದೊಬ್ಬಂದ ಅರ್ಜಿ ಐತಿ, ಖರೇ. ಆದ್ರ ಒಂದ ಕೆಲಸಕ್ಕ ಎರಡ ಯಂತ್ರ ಆದ್ವು ನೋಡಪಾ. ಹೆಚ್ಚಾದವ್ರೊಳಗ ಹಿರಿಯರು ಯಾರದಾರ, ಅವ್ರನ್ನ ಮೊದಲ ಕೇಳಬೇಕಾಕ್ಕೈತಿ.”

ಆಕ್ಷೇಪಣೆ ಇದ್ದಲ್ಲಿ ವಾರದೊಳಗೆ ತಿಳಿಸತಕ್ಕದ್ದೆಂಬ ನೋಟೀಸನ್ನು ಟೂ ಏಟಿ ಸಿಕ್ಸ್‌ನ ಪರದೆಗೆ ಅಂಟಿಸಲಾಯಿತು. ಅದು ತುಟಿ ಬಿಚ್ಚಲಿಲ್ಲ. ಮೌನವನ್ನು ಒಪ್ಪಿಗೆಯೆಂದು ಪರಿಗಣಿಸಿ ಖಾನಾಪುರಕ್ಕೆ ವರ್ಗಾವಣೆ ಹೊರಡಿಸಿದರು. ಬೀಳ್ಕೊಡುಗೆಯಲ್ಲಿ ಯಂತ್ರಕ್ಕೆ ಫೇಟಾ ಸುತ್ತಿ, ಶಾಲು ಹೊದಿಸಿ, ಎಲ್ಲರಿಗೂ ಕುಂದಾ ಹಂಚಿದರು; ಯಂತ್ರದ ಪಾಲಿನ ಕುಂದಾ ಸಾಹೇಬರ ಮನೆಗೆ ಹೋಯಿತು. ಪ್ರಿಂಟರನ್ನೂ ಕೀಲಿಮಣೆಯನ್ನೂ ಅವಲಂಬಿತ ಕುಟುಂಬವೆಂದು ತೋರಿಸಿ ಪ್ರಯಾಣಭತ್ಯೆ ಎತ್ತಲಾಯಿತು. ನಾಗಲಿಂಗನ ಕಣ್ಣು ತುಂಬಿ ಬಂತು. ಹಿರಿಯರ ಮೇಲೆ ಎಂಥ ವಿಶ್ವಾಸ ಎಂದು ಎಲ್ಲರೂ ಮೆಚ್ಚಿಕೊಂಡರು.

ಉಳಿದ ದಾರಿ ಒಂದೇ, ಪರಸ್ಪರ ವರ್ಗಾವಣೆ. ಇವನು ಅಲ್ಲಿಗೆ, ಯಂತ್ರ ಇಲ್ಲಿಗೆ. ಅದಕ್ಕೆ ಎದುರು ನೌಕರರ ಒಪ್ಪಿಗೆ ಬೇಕು. ಭಾನುವಾರ ಶಾಖೆ ಮುಚ್ಚಿರುತ್ತದೆ, ವಾರದ ದಿನ ಇವನಿಗೆ ರಜೆ ಇಲ್ಲ. ಹಾಗಾಗಿ ಗಂಗಾದೇವಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಶಾಖೆಗೆ ಹೋದಳು. ಯಂತ್ರ ಕುರ್ಚಿಯ ಮೇಲೆ ಕೂತಿತ್ತು. ಆ ಕಟ್ಟಡಕ್ಕೆ ವಿದ್ಯುತ್ ಇನ್ನೂ ಬಂದಿರಲಿಲ್ಲ. ಶಾಖೆಯ ಉಸ್ತುವಾರಿ ಈರಣ್ಣ ಅವಳಿಗೆ ಮರ್ಯಾದೆಯಿಂದಲೇ ಕುರ್ಚಿ ಕೊಟ್ಟ.

“ಅವತ್ತ ಸುಮ್ಮನಿದ್ದದ್ದಕ್ಕ ಒಪ್ಪಿಗಿ ಅಂದ್ರಿ,” ಎಂದಳು ಗಂಗಾದೇವಿ. “ಈಗೂ ಸುಮ್ಮನ ಅದಾರಲ್ರಿ.”

“ಅದು ವರ್ಗಾವಣಿ ರೀ, ಅಕ್ಕೋರ. ಇದು ಪರಸ್ಪರ ವರ್ಗಾವಣಿ. ಇದಕ್ಕ ಬಾಯಿಬಿಟ್ಟ ಹೇಳಬೇಕ್ರಿ. ಕರೆಂಟ್ ಬರ್ಲಿ, ಈ ಸಾಹೇಬ್ರನ್ನ ಕೇಳೂಣು.”

ಅವಳು ಪ್ರತಿ ಸೋಮವಾರ ಹೋಗಿ ಕೇಳಿಬರತೊಡಗಿದಳು. ಕೆಲವು ತಿಂಗಳಿಗೆ ಅದೂ ಸಂತೆಗೆ ಹೋಗಿ ಬಂದಷ್ಟೇ ರೂಢಿಯಾಯಿತು. ಬರುಬರುತ್ತ ಅವಳೂ ಯಂತ್ರವನ್ನು ಸಾಹೇಬರು ಎನ್ನತೊಡಗಿದಳು.

೧೯೮೯ರ ಕೊನೆಗೆ ಫೋರ್ ಏಟಿ ಸಿಕ್ಸ್ ಎಂಬ ಇನ್ನೊಂದು ತಲೆಮಾರು ಹುಟ್ಟಿದ ಸುದ್ದಿ ಬಂತು. ಗುರುಪುತ್ರಪ್ಪನವರು ಖಾಲಿ ಹುದ್ದೆ ಹುಡುಕಲು ಕೂತರು. ಆ ದಿನ ಕಚೇರಿಯ ಹಳೆಯ ಜವಾನ, ಕಾಕತಿಯ ಬಾಳಪ್ಪ, ನಾಗಲಿಂಗನಿಗೆ ಚಹಾ ಕೊಡುತ್ತ, ಟೂ ಏಟಿ ಸಿಕ್ಸ್ ವಿರುದ್ಧ ಮೇಲಿನವರಿಗೆ ಒಂದು ತಕರಾರು ಅರ್ಜಿ ಯಾಕೆ ಹಾಕಬಾರದು, ಮಗಳು ಅಪ್ಪ ಇಲ್ಲದೆ ಬೆಳೆಯುತ್ತಿದ್ದಾಳಲ್ಲ ಎಂದು ಕೇಳಿದ. ನಾಗಲಿಂಗ ಚಹಾ ಕುಡಿದು ಲೋಟ ಕೆಳಗಿಟ್ಟ.

“ಇರ್ಲಿ ಬಿಡ, ಬಾಳಪ್ಪಣ್ಣ,” ಎಂದ. “ಎಷ್ಟಂದ್ರೂ ನಮಗಿಂತ ಹಿರಿಯರು. ಅವ್ರಿಗೆ ಮನಿ ಕಡೆ ಏನ ಅಡಚಣಿ ಐತ್ಯೋ, ಯಾರಿಗ್ಗೊತ್ತು.”

ಬಾಳಪ್ಪನಿಗೂ ಅದು ಸರಿ ಅನಿಸಿತು.