ಖಾತರಿಯಿಲ್ಲದ ಲಗ್ನಪತ್ರಿಕೆ

ಪುಕ್ಕಟೆ ಕೊಡುವ ವಸ್ತುವಿನಿಂದ ಯಾರಿಗೂ ತೊಂದರೆಯಾಗದು ಎಂದು ನಾನು ದೃಢವಾಗಿ ನಂಬಿದ್ದ ಕಾಲವದು. ಜಯನಗರದ ನಮ್ಮ ಮನೆಗೆ ಕಂಪ್ಯೂಟರ್ ಬಂದು ವರ್ಷವಾಗಿತ್ತು. ಆಫೀಸಿನಿಂದ ಬಂದ ಮೇಲೆ ಕೂತು ಕನ್ನಡದಲ್ಲಿ ಲಗ್ನಪತ್ರಿಕೆ ಜೋಡಿಸುವ ಒಂದು ಪ್ರೋಗ್ರಾಂ ಬರೆದಿದ್ದೆ. ‘ಸುಖಾಗಮನ ಬಯಸುವವರು’ ಎಂಬಲ್ಲಿ ದೊಡ್ಡಪ್ಪ ಮೊದಲೋ ಸೋದರಮಾವ ಮೊದಲೋ ಎಂದು ಮನೆಗಳು ಒಡೆಯುತ್ತವಲ್ಲ, ಆ ಜಗಳವನ್ನು ನನ್ನ ಪ್ರೋಗ್ರಾಂ ತಾನೇ ತೀರ್ಮಾನಿಸುತ್ತಿತ್ತು. ಇದನ್ನು ಕನ್ನಡ ಜನತೆಗೆ ಧಾರೆಯೆರೆಯಲು ನಿರ್ಧರಿಸಿದೆ.

ಆದರೆ ಇಂಟರ್ನೆಟ್‌ನಲ್ಲಿ ಸುಮ್ಮನೆ ಹಾಕಿದರೆ ಸಾಲದಂತೆ. ಲೈಸೆನ್ಸ್ ಇಲ್ಲದಿದ್ದರೆ ಅದನ್ನು ಬಳಸುವ ಹಕ್ಕು ಯಾರಿಗೂ ಇರುವುದಿಲ್ಲವಂತೆ. ಗೆಳೆಯ ರವಿಯನ್ನು ದರ್ಶಿನಿಗೆ ಕರೆದೊಯ್ದು ಬೈಟೂ ಕಾಫಿ ಕುಡಿಸಿ ಸಲಹೆ ಕೇಳಿದೆ.

"ಜಿಪಿಎಲ್ ಲೈಸೆನ್ಸ್ ಹಾಕು ಗುರು," ಎಂದ. "ಯಾರಾದ್ರೂ ನಿನ್ನ ಪ್ರೋಗ್ರಾಂ ತಿದ್ದಿ ಹಂಚಿದ್ರೆ, ತಿದ್ದಿದ್ದನ್ನೂ ತೆರೆದು ಕೊಡ್ಬೇಕು. ಬಚ್ಚಿಟ್ಕೊಳ್ಳೋ ಹಾಗಿಲ್ಲ."

"ಬಿಎಸ್‌ಡಿ ಅಂತಾರಲ್ಲ, ಅದು?"

"ಅದ್ರಲ್ಲಿ ಬಚ್ಚಿಟ್ಕೊಂಡ್ರೂ ಸರಿ, ಮಾರ್ಕೊಂಡ್ರೂ ಸರಿ. ಬರೆದವನ ಹೆಸರು, ಲೈಸೆನ್ಸ್ ಸೂಚನೆ ಮಾತ್ರ ಜೊತೇಲೇ ಇರ್ಬೇಕು."

ಬರೆದವನ ಹೆಸರು! ನನ್ನ ಕಿವಿ ನಿಮಿರಿತು.

ಆದರೂ ಪಕ್ಷಪಾತ ಆಗಬಾರದೆಂದು ಒಂದು ವಾರ ಎರಡನ್ನೂ ತೂಗಿ ನೋಡಿದೆ. ಹೆಂಡತಿ ವತ್ಸಲಾ ಹುರುಳಿಕಾಯಿ ನಾರು ತೆಗೆಯುತ್ತ ನನ್ನನ್ನೇ ಗಮನಿಸುತ್ತಿದ್ದಳು.

"ನಿಮ್ಮ ಹೆಸರು ಎಲ್ಲಿ ಬರತ್ತೆ, ಅಷ್ಟೇ ತಾನೇ ನಿಮ್ಮ ಯೋಚನೆ?" ಎಂದಳು.

ಅಷ್ಟೇ ಆಗಿದ್ದರಿಂದ ನಾನು ಗಂಭೀರವಾಗಿ ಕಂಪ್ಯೂಟರಿನತ್ತ ತಿರುಗಿ ಕೂತೆ.

ಬಿಎಸ್‌ಡಿ ಗೆದ್ದಿತು. ಆದರೆ ಅದರಲ್ಲೂ ಒಂದು ಕೊರತೆ ಕಂಡಿತು. ಹೆಸರೇನೋ ಪ್ರೋಗ್ರಾಂ ಒಳಗೆ ಇರುತ್ತದೆ, ಒಳಗೆ ಇಣುಕಿ ನೋಡುವವರು ಯಾರು? ಆದ್ದರಿಂದ ನನ್ನದೊಂದು ಷರತ್ತನ್ನು ಸೇರಿಸಿದೆ: ಅಚ್ಚಾಗುವ ಪ್ರತಿಯೊಂದು ಪತ್ರಿಕೆಯ ಕೊನೆಯಲ್ಲೂ ಕರ್ತೃವಿನ ಹೆಸರು ಮತ್ತು ಈ ಸೂಚನೆ ಪೂರ್ತಿಯಾಗಿ ಇರತಕ್ಕದ್ದು, ಲಿಖಿತ ಅನುಮತಿಯಿಲ್ಲದೆ ತೆಗೆಯತಕ್ಕದ್ದಲ್ಲ. ಭಾಷಾಸೇವೆಯೆಂದು ಇಂಗ್ಲಿಷಿನ ಲೈಸೆನ್ಸ್ ಸೂಚನೆಯನ್ನು ಕನ್ನಡಕ್ಕೂ ಇಳಿಸಿದೆ. ಲೈಸೆನ್ಸ್‌ಗೆ ಕೈ ಹಚ್ಚಬೇಡ ಎಂದು ರವಿ ಹೇಳಿದ್ದ. ಅವನಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಅಷ್ಟರಲ್ಲಿ ವತ್ಸಲಾಳ ಅಕ್ಕನ ಮಗಳು ಸುಮಾಗೆ ಮದುವೆ ಗೊತ್ತಾಯಿತು. ಗಂಡಿನವರು ಧಾರವಾಡ ಕಡೆಯವರು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದರು. ಹುಡುಗನ ತಂದೆ ದೇಸಾಯರು ತೂಕದ ಮನುಷ್ಯ. ಪತ್ರಿಕೆಯ ಜವಾಬ್ದಾರಿ ನನ್ನದೆಂದು ನಾನೇ ಮೈಮೇಲೆ ಎಳೆದುಕೊಂಡೆ.

ಯಡಿಯೂರಿನ ಪ್ರೆಸ್ಸಿನಲ್ಲಿ ನಂಜುಂಡಯ್ಯ ಪ್ರೂಫ್ ತೋರಿಸಿದರು. ನಾನು ಮೊದಲು ನೋಡಿದ್ದು ಕೊನೆಯ ಸಾಲುಗಳನ್ನು. ನನ್ನ ಹೆಸರಿನಲ್ಲಿ ತಪ್ಪಿರಲಿಲ್ಲ.

"ಕೆಳಗಡೆ ಇರೋದು ಹಂಗೇ ಇರ್ಲಾ ಸಾರ್?"

"ಅದು ಲೈಸೆನ್ಸ್. ಒಂದಕ್ಷರ ತೆಗೀಬೇಡಿ."

ಕದ್ದ ಸಿ.ಡಿ.ಗಳ ಮೇಲೆಯೇ ಇಡೀ ಬೆಂಗಳೂರು ನಡೆಯುತ್ತಿದ್ದಾಗ, ಸಾಫ್ಟ್‌ವೇರ್ ಲೈಸೆನ್ಸಿಗೆ ತಲೆಬಾಗಿದ ಏಕೈಕ ಮನುಷ್ಯ ನನಗೇ ಸಿಗಬೇಕೆ?

ಸುಮಾಳ ತಂದೆಗೆ ಜ್ವರ ಬಂದಿದ್ದರಿಂದ ಬೀಗರಿಗೆ ಪತ್ರಿಕೆ ಕೊಡಲು ನಾನೂ ವತ್ಸಲಾಳೂ ಹೋದೆವು. ದೇಸಾಯರು ಅರಿಶಿನ ಹಚ್ಚಿದ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು, ಮನೆಯವರೆಲ್ಲ ಕೇಳಲೆಂದು ಜೋರಾಗಿ ಓದಿದರು. ಮುಹೂರ್ತ ಆಯಿತು, ಛತ್ರ ಆಯಿತು, ಸುಖಾಗಮನ ಆಯಿತು. ಅವರು ನಿಲ್ಲಿಸಲಿಲ್ಲ.

"ಇದಕ್ಕೆ ಯಾವುದೇ ರೀತಿಯ ಖಾತರಿ ಇರುವುದಿಲ್ಲ. ಉದ್ದೇಶಿತ ಕಾರ್ಯಕ್ಕೆ ಒದಗಿಬರುವುದೆಂಬ ಭರವಸೆಯೂ ಇಲ್ಲ. ಬಳಕೆಯಿಂದಾಗುವ ನಷ್ಟಕ್ಕೆ ನಾವು ಹೊಣೆಯಲ್ಲ. ಯಾರು ಬೇಕಾದರೂ ಮಾರ್ಪಡಿಸಿ ಮರುಹಂಚಬಹುದು."

ಪ್ರೋಗ್ರಾಂ ಬಗ್ಗೆಯೆಂದು ನಾನೇ ಅದೆಷ್ಟೋ ಸಲ ತಿದ್ದಿ ತೀಡಿದ ವಾಕ್ಯಗಳವು. ಅವುಗಳ ಅರ್ಥ ನನಗೆ ಹೊಳೆದದ್ದು ಆಗಲೇ.

"ಖಾತ್ರಿ ಇಲ್ಲಂದ್ರ ಯಾವುದಕ್ಕ ಇಲ್ರೀ?" ದೇಸಾಯರು ಮೆತ್ತಗೆ ಕೇಳಿದರು. "ಹುಡುಗೀಗೋ, ಮದುವೀಗೋ?"

ಆಗ ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ಮರ್ಯಾದೆ ಉಳಿಯುತ್ತಿತ್ತು. ನಾನು ಲೈಸೆನ್ಸ್‌ಗಳ ವ್ಯತ್ಯಾಸ ವಿವರಿಸತೊಡಗಿದೆ.

"ಇದು ವಾಸಿ ಸಾರ್. ಜಿಪಿಎಲ್ ಆಗಿದ್ರೆ, ನಿಮ್ಮನೆಗೆ ಬಂದ್ಮೇಲೆ ಏನೇ ತಿದ್ದಿದ್ರೂ ಊರಿಗೆಲ್ಲ ತೆರೆದು ತೋರಿಸ್ಬೇಕಾಗ್ತಿತ್ತು."

ವತ್ಸಲಾ ನನ್ನ ಕಾಲು ತುಳಿದಳು. ತಡವಾಗಿತ್ತು.

"ನಾವು ನಿಮಗ ವರದಕ್ಷಿಣಿ ಅಂತ ಏನರ ಕೇಳೇವೇನ್ರೀ?" ದೇಸಾಯರು ಪತ್ರಿಕೆಯನ್ನು ಮಡಚಿ ನನ್ನ ಕೈಗಿಟ್ಟರು. "ಬ್ಯಾರೆ ಪತ್ರಿಕಾ ತರ್ರಿ. ಅದು ಬರೂತನಕ ನಾ ಯಾರಿಗೂ ಮದುವಿ ಅಂತ ಹೇಳಂಗಿಲ್ಲ."

ವಿಷಯ ತಿಳಿದ ಸುಮಾ ಅತ್ತು ಕೆಂಪಾದ ಕಣ್ಣಿನಿಂದ ನನ್ನನ್ನು ನೋಡಿದಳು.

"ಸುಖಾಗಮನದಲ್ಲಿ ನಿಮ್ಮ ಹೆಸರು ಇತ್ತಲ್ಲ ಚಿಕ್ಕಪ್ಪ. ಇನ್ನೊಂದ್ಸಲ ಯಾಕೆ ಬೇಕಿತ್ತು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಆ ಮಗುವಿನ ಮುಖ ನೋಡಲಾಗದೆ ಚಪ್ಪಲಿ ಮೆಟ್ಟಿ ಪ್ರೆಸ್ಸಿಗೆ ಓಡಿದೆ.

ನಂಜುಂಡಯ್ಯ ಕೈಕಟ್ಟಿ ನಿಂತರು. "ತೆಗೀಬಾರ್ದು ಅಂತ ನೀವೇ ಬರ್ದಿದೀರಲ್ಲ ಸಾರ್. ಅನುಮತಿ ಬರ್ದು ಕೊಡಿ."

ನನಗೆ ನಾನೇ ಅನುಮತಿ ಬರೆದುಕೊಟ್ಟೆ. ಅಲ್ಲೇ ಅವರ ಕಂಪ್ಯೂಟರಿನಲ್ಲಿ ಕೂತು ಲೈಸೆನ್ಸನ್ನೂ ಷರತ್ತನ್ನೂ ಕಿತ್ತುಹಾಕಿದೆ. ಇನ್ನೆಲ್ಲಾದರೂ ಉಳಿದುಬಿಟ್ಟೀತೆಂಬ ಭಯಕ್ಕೆ, ನನ್ನ ಹೆಸರು ಎಲ್ಲಿ ಕಂಡರೂ ಅಳಿಸುವಂತೆ ಪ್ರೋಗ್ರಾಂಗೆ ಆಜ್ಞಾಪಿಸಿದೆ. ಹೊಸ ಪ್ರೂಫಿನಲ್ಲೂ ಕೊನೆಯ ಸಾಲುಗಳನ್ನೇ ನೋಡಿದೆ. ಖಾಲಿಯಿದ್ದವು. ಹೋದ ಜೀವ ಬಂದಂತಾಯಿತು. ದೇಸಾಯರೂ ಒಪ್ಪಿದರು.

ಮದುವೆಯ ದಿನ ಬನಶಂಕರಿಯ ಛತ್ರದಲ್ಲಿ ದೂರದ ನೆಂಟರು ವತ್ಸಲಾಳ ಕೈ ಹಿಡಿದು "ಯಾವಾಗ ಆಯ್ತಮ್ಮಾ? ನಮಗೆ ಗೊತ್ತೇ ಆಗ್ಲಿಲ್ಲ" ಎಂದು ಮರುಗುತ್ತಿದ್ದರು. ನಾನು ಜೀವಂತವಾಗಿ ಅವಳ ಹಿಂದೆಯೇ ನಿಂತಿದ್ದೆ! ಪತ್ರಿಕೆ ಇಸಿದುಕೊಂಡು ನೋಡಿದರೆ ಸುಖಾಗಮನದಲ್ಲಿ ‘ಶ್ರೀಮತಿ ವತ್ಸಲಾ ಮತ್ತು ಶ್ರೀ’ ಎಂದಿತ್ತು. ಮುಂದೆ ಏನೂ ಇರಲಿಲ್ಲ.

"ಖಾತರಿ ಇಲ್ಲ ಅಂತ ಮೊದ್ಲೇ ಬರ್ದಿದ್ರಲ್ಲ," ಎಂದಳು ವತ್ಸಲಾ.

ಕಂಬದ ಮರೆಗೆ ಸರಿಯುತ್ತಿದ್ದವನ ಹೆಗಲ ಮೇಲೆ ದೇಸಾಯರು ಕೈಯಿಟ್ಟರು.

"ಹೆಸರು ಇಲ್ಲದಿದ್ರ ಇಲ್ಲ, ಊಟಕ್ಕ ಬರ್ರೀ. ಎಲಿ ಹಾಕ್ಯಾರ."

ಯಾವ ಷರತ್ತೂ ಹಾಕದೆ ಹೋಗಿ ಕೂತೆ.