ಹುಡುಕಿದರೆ ಸಿಗುವ ಸಹಾಯ

ಆ ಕಚೇರಿಯಲ್ಲಿ ಎಲ್ಲರ ಮೇಜಿನ ಮೇಲೂ ಫೋನಿತ್ತು. ಆದರೆ ಹಸಿದ ಕೂಸಿನ ಹಾಗೆ ಬಿಡದೆ ಅರಚುತ್ತಿದ್ದದ್ದು ಕೈಪಿಡಿಯಪ್ಪನ ಫೋನು ಒಂದೇ. ಅದು ವಾಷಿಂಗ್ ಮಷಿನ್ ಮಾಡುವ ಕಂಪನಿ. ಮಷಿನ್ ಜೊತೆ ಕೊಡುವ ಕೈಪಿಡಿ ಬರೆಯುವವನಾದ್ದರಿಂದ ಅವನಿಗೆ ಆ ಅಡ್ಡಹೆಸರು. ಮಷಿನ್ ಕೊಂಡವರು ಒಬ್ಬರೂ ಕೈಪಿಡಿ ಓದುತ್ತಿರಲಿಲ್ಲ. ಎಲ್ಲರೂ ಅವನಿಗೇ ಫೋನ್ ಮಾಡುತ್ತಿದ್ದರು.

ಹಾಗಾಗಿ ಕೈಪಿಡಿಯನ್ನೆಲ್ಲ ಸರ್ವರ್‌ಗೆ ಏರಿಸುತ್ತಾರೆ ಎಂದಾಗ ಅವನಿಗೆ ಹೋದ ಜೀವ ಬಂದ ಹಾಗಾಯಿತು. ಜನ ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ತೊಂದರೆ ಏನೆಂದು ಬರೆದು ಹುಡುಕಿದರೆ ಸಾಕು, ಉತ್ತರದ ಪುಟ ಕಣ್ಣೆದುರು ಬರುತ್ತದೆ. ಹುಡುಕಿದವರಿಗೆ ಸಿಕ್ಕಿತೋ ಇಲ್ಲವೋ, ಅದನ್ನೂ ಸರ್ವರೇ ಹೇಳುತ್ತದೆ.

"ನೋಡಯ್ಯ," ಎಂದರು ಮ್ಯಾನೇಜರು. "ಸಂಜೆ ಒಳಗೆ ಇದು ಸರಿಯಾಗಿ ನಡೆದ್ರೆ ನಿನ್ನ ಫೋನ್ ಕೀಳಿಸ್ತೀನಿ. ನಡೀದಿದ್ರೆ ಇನ್ನೊಂದು ಫೋನ್ ಇಡಿಸ್ತೀನಿ."

ಕೈಪಿಡಿಯಪ್ಪ ಎದೆ ಗಟ್ಟಿ ಮಾಡಿಕೊಂಡು ಪುಟಗಳನ್ನು ಏರಿಸಿದ. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಕಚೇರಿಯೆಲ್ಲ ಬಂದು ಮುತ್ತಿತು. ಉಗ್ರಾಣದವನು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು 'ನೀರು ಹೋಗ್ತಿಲ್ಲ' ಎಂದು ಬರೆದ. ಏನೂ ಸಿಗಲಿಲ್ಲ.

"ನೀನು ಏನಂತ ಬರ್ದಿದ್ದೀಯೋ ಮಾರಾಯ?"

"ಜಲ ನಿರ್ಗಮನದಲ್ಲಿ ಅಡಚಣೆ."

"ಮನೇಲಿ ಹಂಗಂದು ನೋಡು, ನಿನ್ನ ಹೆಂಡ್ತಿ ಸೀದಾ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾಳೆ!"

ಜನ ಆಡುವ ಮಾತನ್ನೂ ಆಯಾ ಪುಟಕ್ಕೆ ಜೋಡಿಸುವ ಸೌಕರ್ಯ ಸರ್ವರ್‌ನಲ್ಲಿತ್ತು. ಅವನು ಜೋಡಿಸತೊಡಗಿದ್ದೇ ತಡ, ಬಿಟ್ಟಿ ಸಲಹೆಗಾರರು ಬೆನ್ನು ಹತ್ತಿದರು.

"ನಮ್ಮಕ್ಕ 'ಮಷಿನ್ ಕುಣಿಯುತ್ತೆ' ಅಂತಾಳೆ, ಅದನ್ನ ಹಾಕು," ಎಂದಳು ಲೆಕ್ಕ ವಿಭಾಗದವಳು.

"ನಮ್ಮತ್ತೆ 'ಮಷಿನ್ ಮುನಿಸ್ಕೊಂಡಿದೆ' ಅಂತಾರೆ," ಎಂದ ಉಗ್ರಾಣದವನು. "ಅದು ಎಲ್ಲಾ ತೊಂದರೆಗೂ ಆಗುತ್ತೆ. ಎಲ್ಲಾ ಪುಟಕ್ಕೂ ಹಾಕ್ಬಿಡು."

ಯಾರಿಗೂ ಇಲ್ಲವೆನ್ನಲಾಗದ ಜೀವ ಅದು. ಎಲ್ಲರ ಮಾತನ್ನೂ ಎಲ್ಲ ಕಡೆಗೂ ಹಾಕಿದ. ಈಗ ಸೋಪಿನ ಪುಡಿ ಎಲ್ಲಿ ಹಾಕಬೇಕೆಂದು ಕೇಳಿದರೂ ಇಡೀ ಕೈಪಿಡಿಯೇ ಮೈಮೇಲೆ ಬೀಳತೊಡಗಿತು. ಮ್ಯಾನೇಜರು ಬಂದು ನೋಡಿದರು.

"ಬಾವಿಗೆ ಹಗ್ಗ ಕೇಳಿದ್ರೆ ಬಾವೀನೇ ತಲೆ ಮೇಲೆ ಹೊರಿಸ್ತಿದ್ದೀಯಲ್ಲಯ್ಯ! ಇನ್ನೊಂದು ಫೋನ್ ತರಿಸ್ಲಾ?"

ಕೈಪಿಡಿಯಪ್ಪ ಊಟ ಬಿಟ್ಟು ಕೂತ. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಬೇಡದ ಮಾತುಗಳನ್ನು ಒಂದೊಂದಾಗಿ ಹೆಕ್ಕಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಸರ್ವರ್ ದಾರಿಗೆ ಬಂತು. ಜನ ಹುಡುಕುತ್ತಿದ್ದಾರೆ, ಹುಡುಕಿದ್ದು ಸಿಗುತ್ತಿದೆ! ಫೋನು ಗೊಣಗಿತು, ಬಿಕ್ಕಿತು, ಆಮೇಲೆ ಪೂರ್ತಿ ಸುಮ್ಮನಾಯಿತು. ನಂಬಿಕೆ ಬರದೆ ಅವನು ಎರಡು ಸಲ ಎತ್ತಿ ಕಿವಿಗಿಟ್ಟು ನೋಡಿದ. ಜೀವ ಇತ್ತು.

"ಭೇಷ್!" ಎಂದ ಮ್ಯಾನೇಜರು ತಮ್ಮ ಕೈಯಾರೆ ಫೋನಿನ ತಂತಿ ಕಿತ್ತರು.

ಕೈಪಿಡಿಯಪ್ಪ ನೆಲದ ಮೇಲೆ ಕಾಲಿಡದೆ ಮನೆಗೆ ಬಂದ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಒಬ್ಬರ ಕೈಯಲ್ಲಿ ಪೈಪು, ಇನ್ನೊಬ್ಬರ ಕೈಯಲ್ಲಿ ಮುಚ್ಚಳ, ಮೂಲೆಯಲ್ಲೊಬ್ಬಾಕೆಯ ತೊಡೆಯ ಮೇಲೆ ನೀರಿಳಿಯುತ್ತಿದ್ದ ಬಟ್ಟೆಯ ಬುಟ್ಟಿ. ಹೆಂಡತಿ ಫೋನನ್ನು ಕಿವಿಗೆ ಒತ್ತಿಕೊಂಡು, "ಹೂಂ ಕಣ್ರೀ, ಈಗಷ್ಟೇ ಬಂದ್ರು, ನೀವೂ ಬನ್ನಿ," ಎನ್ನುತ್ತಿದ್ದಳು.

"ಏನೇ ಇದು?"

"ನನ್ನ ಕೇಳ್ತೀರಾ? ಮಧ್ಯಾಹ್ನದಿಂದ ಉಸಿರಾಡೋಕೆ ಬಿಟ್ಟಿಲ್ಲ ಇವರು. ನಿಮ್ಮ ಒಂದೊಂದು ಪುಟದ ಕೆಳಗೂ 'ಬರೆದವರು' ಅಂತ ನಮ್ಮನೆ ನಂಬರ್ ಬರ್ತಿದೆಯಂತೆ. ಸಂಜೆ ಮನೇಗೇ ಬನ್ನಿ ಅಂದೆ."

ಕೈಪಿಡಿಯಪ್ಪನಿಗೆ ಆಗ ನೆನಪಾಯಿತು. ಬೆಳಿಗ್ಗೆ ಪುಟ ಏರಿಸುವಾಗ ಬರೆದವರ ನಂಬರ್ ಕೊಡದೆ ಸರ್ವರ್ ಮುಂದಕ್ಕೇ ಬಿಟ್ಟಿರಲಿಲ್ಲ. ಕಚೇರಿಯದು ಕೊಟ್ಟರೆ ಮತ್ತೆ ಅದೇ ಗೋಳಲ್ಲವೇ ಎಂದು ಮಹಾ ಜಾಣತನದಿಂದ ಮನೆಯದನ್ನು ಕೊಟ್ಟಿದ್ದ.

ಪೈಪು ಹಿಡಿದ ಮುದುಕರು ಎದ್ದು ಬೆನ್ನು ತಟ್ಟಿದರು. "ಹುಡುಕೋ ವ್ಯವಸ್ಥೆ ಭಾರಿ ಚೆನ್ನಾಗಿ ಮಾಡಿದ್ದೀರಪ್ಪ. ಒಂದೇ ಏಟಿಗೆ ಸಿಕ್ತು."

"ಉತ್ತರ ಸಿಕ್ತಲ್ಲ, ಓದಲಿಲ್ವಾ ತಾತ?"

"ಉತ್ತರ ಯಾರಿಗೆ ಬೇಕಪ್ಪ, ಸಿಕ್ಕಿದ್ದು ನೀವು!"