ಗೆಲುವಿನ ಗೆರೆಗೆ ರೇಷ್ಮೆ ದಾರ

ಒಂದು ದಾರ ಕಟ್ಟುವುದರಲ್ಲಿ ಏನು ಮಹಾ ಎಂದುಕೊಂಡಿದ್ದೆ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು, ಹೊಲಿಗೆಯಲ್ಲಿ ಬಹುಮಾನ ಪಡೆದವಳು, ಮೇಲಾಗಿ ಶಿಡ್ಲಘಟ್ಟದ ಹೈಸ್ಕೂಲು ಹೆಡ್‌ಮಾಸ್ತರರ ಧರ್ಮಪತ್ನಿ!

ಐವತ್ತರ ದಶಕದ ಕೊನೆಯ ಮಾತು. ಛತ್ರದ ಜಗಲಿಯ ಮೇಲೆ ಶುರುವಾಗಿದ್ದ ನಮ್ಮ ಶಾಲೆಗೆ ಆಗತಾನೇ ಹೆಂಚಿನ ಕಟ್ಟಡವೂ ಆಟದ ಬಯಲೂ ಬಂದಿದ್ದವು. ಎಸ್ಸೆಸ್ಸೆಲ್ಸಿ ಫಲಿತಾಂಶವಂತೂ ಪಕ್ಕದೂರು ಚಿಂತಾಮಣಿಯವರು ಹೊಟ್ಟೆ ಉರಿದುಕೊಳ್ಳುವಷ್ಟು ಚೆನ್ನಾಗಿತ್ತು. ಆ ವರ್ಷ ಮೊದಲ ಸಲ ಹೆಣ್ಣುಮಕ್ಕಳಿಗೂ ಓಟದ ಪಂದ್ಯ. ಜಂಗಮಕೋಟೆಯ ನಾರಾಯಣಮ್ಮ ಓಡುವವಳಿದ್ದಳು. "ಗೆದ್ರೆ ಓದ್ಲಿ, ಇಲ್ದಿದ್ರೆ ಮನೇಲಿದ್ದು ಹಿಪ್ಪುನೇರಳೆ ಸೊಪ್ಪು ಬಿಡಿಸ್ಲಿ" ಎಂದು ಷರತ್ತು ಹಾಕಿದ ಅವಳಪ್ಪ, ಬೆಳಿಗ್ಗೆಯೇ ಬಂದು ಬೇಲಿಯ ಪಕ್ಕ ಕೂತಿದ್ದರು.

ಗೆಲುವಿನ ಗೆರೆಯ ಮೇಲೆ ಹಿಡಿಯುವ ದಾರದ ಹೊಣೆ ನನ್ನದು. ಓಡಿ ಬಂದವರ ಎದೆ ತಾಗಿದೊಡನೆ ಅದು ಕಿತ್ತುಹೋಗಬೇಕು.

"ಅಂಗಡಿ ನೂಲು ಒಂದೆಳೆ ಸಾಕು ಕಣೇ" ಎಂದರು ನಮ್ಮವರು.

"ರೇಷ್ಮೆ ಊರಲ್ಲಿ ಹತ್ತಿ ನೂಲೇನ್ರೀ? ನಾಚಿಕೆಗೇಡು!"

ಪಕ್ಕದ ಫಾತಿಮಾಬಿಯವರ ಮನೆಯಲ್ಲಿ ಗೂಡಿನಿಂದ ನೂಲು ತೆಗೆಯುತ್ತಿದ್ದರು. "ಎಷ್ಟ್ ಬೇಕೋ ತಗೋಳಮ್ಮಾ, ನಮ್ಮಕ್ಳ ಸ್ಕೂಲಿಗಲ್ವಾ!" ಎಂದು ಹೊಂಬಣ್ಣದ ಲಡಿಯನ್ನೇ ಕೈಗಿಟ್ಟರು. ಒಂದೆಳೆ ಹಿಡಿದು ನೋಡಿದೆ, ಕಣ್ಣಿಗೇ ಕಾಣಲಿಲ್ಲ. ಜಡೆಯಂತೆ ಹೆಣೆದೆ. ಇನ್ನೂ ಬಡಕಲೆನಿಸಿತು. ಹುರಿ ಹಾಕಿದೆ. ಥಳಥಳ ಹೊಳೆಯಿತು!

ಕಾನ್ವೆಂಟಿನಲ್ಲಿ ದಾರದ ತುದಿಗಳನ್ನು ಗಣ್ಯರೇ ಹಿಡಿಯುತ್ತಿದ್ದರು. ಇಲ್ಲೂ ಹಾಗೆಯೇ ಮಾಡಿಸಿದೆ. ಒಂದು ತುದಿ ಪುರಸಭೆ ಅಧ್ಯಕ್ಷರಿಗೆ, ಇನ್ನೊಂದು ನಮ್ಮವರಿಗೆ.

"ಜಾರ್ತದಲ್ಲಮ್ಮಾ" ಎಂದರು ಅಧ್ಯಕ್ಷರು.

"ಕೈಗೆ ಸುತ್ಕೊಳ್ಳಿ ಸಾರ್" ಎಂದೆ. ಹೌದು, ನಾನೇ ಎಂದೆ!

ಸೀಟಿ ಊದಿದರು. ನಾರಾಯಣಮ್ಮ ಲಂಗ ಎತ್ತಿ ಸಿಕ್ಕಿಸಿ, ಉಳಿದವರನ್ನೆಲ್ಲ ಹಿಂದೆ ಬಿಟ್ಟು ಗಾಳಿಯಂತೆ ಬಂದಳು. ದಾರಕ್ಕೆ ಎದೆಕೊಟ್ಟಳು. ದಾರ ಕಿತ್ತುಹೋಗಲಿಲ್ಲ. ಅವಳೂ ನಿಲ್ಲಲಿಲ್ಲ! ಆ ಕಡೆ ಅಧ್ಯಕ್ಷರು, ಈ ಕಡೆ ನಮ್ಮವರು, ಇಬ್ಬರೂ ಅವಳ ಹಿಂದೆ ದಡಬಡ ಓಡತೊಡಗಿದರು. ಪೇಟ ಒಂದು ದಿಕ್ಕಿಗೆ, ಕನ್ನಡಕ ಒಂದು ದಿಕ್ಕಿಗೆ. ಮೂವರೂ ಉದ್ದಜಿಗಿತದ ಮರಳುಗುಂಡಿಯಲ್ಲಿ ಒಟ್ಟಿಗೇ ಬಿದ್ದರು.

"ದಾರ ಹರಿಯಲಿಲ್ಲ, ಓಟ ಲೆಕ್ಕಕ್ಕಿಲ್ಲ!" ಎಂದು ಕೂಗಿದರು ಡ್ರಿಲ್ ಮೇಷ್ಟ್ರು.

ನನ್ನ ಹೆಣಿಗೆಯ ಚಂದಕ್ಕೆ ಒಂದು ಹುಡುಗಿಯ ಓದು ನಿಂತೇಹೋಯಿತಲ್ಲ! ಅಷ್ಟರಲ್ಲಿ ಅವಳಪ್ಪ ಎದ್ದು ನಿಂತರು.

"ಓರಿ ದೇವುಡಾ! ಅಧ್ಯಕ್ಷರನ್ನೂ ಹೆಡ್‌ಮಾಸ್ಟ್ರನ್ನೂ ಎಳ್ಕೊಂಡೋದ್ಳಲ್ರಪ್ಪಾ! ಇವ್ಳನ್ನ ಸೊಪ್ಪು ಬಿಡ್ಸಾಕೆ ಇಟ್ಕೊಳ್ಳಾಕಾಯ್ತದಾ? ಓದ್ಲಿ ಬಿಡಿ!"

ಬಾಯಲ್ಲಿದ್ದ ಮರಳು ಉಗುಳಿ ಮೊದಲು ನಕ್ಕವರು ಅಧ್ಯಕ್ಷರೇ. ಬಹುಮಾನವನ್ನೂ ಅವಳಿಗೇ ಕೊಟ್ಟರು. ನಾರಾಯಣಮ್ಮ ಎಸ್ಸೆಸ್ಸೆಲ್ಸಿ ಮುಗಿಸಿದಳು.

ಆ ಶಾಲೆಯ ದೊಡ್ಡ ಮನಸ್ಸಿಗೆ ನಾನು ಇಂದಿಗೂ ಋಣಿ. ಯಾರೂ ಒಂದು ಮಾತು ಅನ್ನಲಿಲ್ಲ. ಮುಂದಿನ ವರ್ಷವೂ ಪ್ರೀತಿಯಿಂದ ಕರೆದು ಮೊದಲ ಸಾಲಿನಲ್ಲೇ ಕೂರಿಸಿದರು. ಒಂದು ಕೈಗೆ ಮಜ್ಜಿಗೆ ಲೋಟ, ಇನ್ನೊಂದು ಕೈಗೆ ಕೋಸಂಬರಿ ದೊನ್ನೆ. ಖಾಲಿಯಾದಂತೆಲ್ಲ ತುಂಬಿಸಿದರು. ಕೊನೆಯ ಓಟ ಮುಗಿಯುವವರೆಗೂ ನನ್ನ ಕೈಗಳಿಗೆ ಬಿಡುವೇ ಕೊಡಲಿಲ್ಲ!